ಡಾಕ್ಟರು 'ಬರಬಹುದು': ಒಂದು ಸರ್ಕಾರಿ ಪಠ್ಯದ ಓದು

ಸರ್ಕಾರ ಅಚ್ಚು ಹಾಕಿಸಿದ ಪುಸ್ತಕಗಳನ್ನು ನಮ್ಮ ವಿಮರ್ಶಕರು ಮುಟ್ಟುವುದಿಲ್ಲ. ಅವರಿಗೆ ಕಾವ್ಯ ಬೇಕು, ಕಾದಂಬರಿ ಬೇಕು, ಅದರೊಳಗೆ ಧ್ವನಿ ಬೇಕು, ಪ್ರತಿಮೆ ಬೇಕು. ಒಂದು ಪದ್ಯದಲ್ಲಿ ಮಳೆ ಬಂದರೆ ಆ ಮಳೆಗೆ ಏನೇನು ಅರ್ಥ ಅಂತ ಹತ್ತು ಪುಟ ಬರೆಯುತ್ತಾರೆ. ಆದರೆ ಒಬ್ಬ ಕೂಲಿ ಹೆಂಗಸು ರಾತ್ರಿ ಹನ್ನೊಂದು ಗಂಟೆಗೆ ಬದುಕುತ್ತಾಳೋ ಸಾಯುತ್ತಾಳೋ ಅಂತ ತೀರ್ಮಾನ ಮಾಡುವ ಒಂದು ವಾಕ್ಯ ಇದೆಯಲ್ಲ, ಅದನ್ನ ಯಾರೂ ಓದಿಲ್ಲ. ಅದೂ ಪಠ್ಯವೇ. ಅದಕ್ಕೂ ಕರ್ತೃ ಇದ್ದಾನೆ, ಕರ್ಮ ಇದೆ, ಕ್ರಿಯಾಪದ ಇದೆ. ಎಲ್ಲಾ ಕರಾಮತ್ತು ಇರುವುದು ಆ ಕ್ರಿಯಾಪದದಲ್ಲೇ.

ಪುಸ್ತಕದ ಹೆಸರು ಭಾರತೀಯ ಸಾರ್ವಜನಿಕ ಆರೋಗ್ಯ ಮಾನದಂಡಗಳು. ಆಫೀಸಿನವರು ಐ.ಪಿ.ಎಚ್.ಎಸ್. ಅನ್ನುತ್ತಾರೆ. 2005ರಲ್ಲಿ ಗ್ರಾಮೀಣ ಆರೋಗ್ಯ ಮಿಷನ್ ಶುರುವಾದ ಮೇಲೆ ಹುಟ್ಟಿದ್ದು. ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಎಷ್ಟು ಕೋಣೆ ಇರಬೇಕು, ಎಷ್ಟು ಹಾಸಿಗೆ, ಯಾರು ಯಾರು ನೌಕರರು ಅಂತ ಹೇಳುವ ಪುಸ್ತಕ. ಇದರ 2012ರ ಪರಿಷ್ಕೃತ ಆವೃತ್ತಿಯಲ್ಲಿ ಪಿ.ಎಚ್.ಸಿ.ಯ ಕೆಲಸಗಳನ್ನು ಪಟ್ಟಿ ಮಾಡುವಾಗ ಮೊದಲು ಹಗಲಿನ ಮಾತು ಬರುತ್ತದೆ. ವಾರಕ್ಕೆ ಆರು ದಿನ, ದಿನಕ್ಕೆ ಆರು ಗಂಟೆ ಹೊರರೋಗಿಗಳನ್ನು ನೋಡುವುದು. ಬೆಳಿಗ್ಗೆ ನಾಲ್ಕು ಗಂಟೆ, ಮಧ್ಯಾಹ್ನ ಎರಡು ಗಂಟೆ. ಒಬ್ಬ ಡಾಕ್ಟರಿಗೆ ದಿನಕ್ಕೆ ಕನಿಷ್ಠ 40 ರೋಗಿಗಳು. ಇದೆಲ್ಲ ಖಡಾಖಂಡಿತ ಭಾಷೆ. ಅಂಕಿ ಉಂಟು, ಗಂಟೆ ಉಂಟು.

ಆಮೇಲೆ ರಾತ್ರಿ ಬರುತ್ತದೆ. ಇಪ್ಪತ್ತನಾಲ್ಕು ಗಂಟೆಯ ತುರ್ತು ಸೇವೆ. ಗಾಯ, ಅಪಘಾತ, ಹೊಲಿಗೆ, ಕುರು ಕೊಯ್ಯುವುದು, ನಾಯಿ ಕಡಿತ, ಹಾವು ಕಡಿತ, ಚೇಳು ಕಡಿತ, ಇನ್ನಿತರ ತುರ್ತು. ಪಟ್ಟಿ ಉದ್ದ ಇದೆ, ಓದಿದರೆ ಸಂತೋಷವಾಗುತ್ತದೆ. ಮಾಡುವವರು ಯಾರು? ಮುಖ್ಯವಾಗಿ ನರ್ಸಿಂಗ್ ಸಿಬ್ಬಂದಿ. ಡಾಕ್ಟರು? ಅಗತ್ಯ ಬಿದ್ದರೆ, ಕರೆಯ ಮೇರೆಗೆ, ಅವರು ಲಭ್ಯ ಇರಬಹುದು.

'ಇರಬಹುದು'. ಇರಬೇಕು ಅಲ್ಲ, ಇರತಕ್ಕದ್ದು ಅಲ್ಲ. ನರ್ಸಿಗೆ ವಿಧಿ, ಡಾಕ್ಟರಿಗೆ ಸಂಭಾವನಾರ್ಥಕ. ಶಾಲೆಯಲ್ಲಿ ವ್ಯಾಕರಣದ ಮೇಷ್ಟ್ರು ಸಂಭಾವನಾರ್ಥಕಕ್ಕೆ 'ಮಳೆ ಬಂದೀತು' ಅಂತ ಉದಾಹರಣೆ ಕೊಡುತ್ತಿದ್ದರು. ನಮ್ಮ ಕೇರಿಗಳಿಗೆ ರಾತ್ರಿಯ ಡಾಕ್ಟರು ಆ ಜಾತಿಯ ಮಳೆ. ಬಂದರೆ ಪುಣ್ಯ.

ಇದನ್ನು ಬರೆದವರಿಗೆ ಭಾಷೆ ಬರುವುದಿಲ್ಲ ಅಂತ ಯಾರೂ ತಿಳಿಯಬೇಡಿ. ಚೆನ್ನಾಗಿ ಬರುತ್ತದೆ. ಹಗಲಿಗೆ ಅಂಕಿ ಹಾಕಿದವರು ರಾತ್ರಿಗೆ ಯಾಕೆ ಹಾಕಲಿಲ್ಲ? ಹಾಕಿದ್ದರೆ ಡಾಕ್ಟರ ಸಂಖ್ಯೆಯನ್ನ ಹೆಚ್ಚಿಸಬೇಕಾಗಿತ್ತು. ಅದಕ್ಕೆ ಪುಸ್ತಕದ ಹಿಂದಿನ ಕೋಷ್ಟಕ ನೋಡಿ. ತಿಂಗಳಿಗೆ 20 ಹೆರಿಗೆಗಿಂತ ಕಡಿಮೆ ಆಗುವ ಕೇಂದ್ರಕ್ಕೆ 'ಎ' ಅಂತ ಹೆಸರು. ಅಲ್ಲಿ ಕಡ್ಡಾಯವಾಗಿ ಬೇಕಾದ ಎಂ.ಬಿ.ಬಿ.ಎಸ್. ಡಾಕ್ಟರು ಒಬ್ಬರು, ನರ್ಸುಗಳು ಮೂವರು. ನಾಲ್ಕನೆಯವಳು ಇದ್ದರೆ ಒಳ್ಳೆಯದು ಅಂತ ಪಕ್ಕದ ಕಾಲಮ್ಮಿನಲ್ಲಿ ಇದೆ, ಅಂದರೆ ಇಲ್ಲ ಅಂತಲೇ ಅರ್ಥ.

ಸರಿ, ಲೆಕ್ಕ ಮಾಡೋಣ. ವಾರಕ್ಕೆ 168 ಗಂಟೆ. ಒಬ್ಬ ಮನುಷ್ಯ ವಾರಕ್ಕೆ 48 ಗಂಟೆ ದುಡಿಯಬೇಕು, ಅದಕ್ಕಿಂತ ಹೆಚ್ಚು ದುಡಿಸಬಾರದು ಅನ್ನುವ ನಿಯಮ ಕಾರ್ಖಾನೆಗಳಿಗೆ ಬಂದದ್ದು 1946ರಲ್ಲಿ. ಅದುವರೆಗೆ 54 ಇತ್ತು. ಅದನ್ನು ಇಳಿಸುವ ಮಸೂದೆಯನ್ನು ವೈಸರಾಯ್ ಮಂಡಳಿಯ ಕಾರ್ಮಿಕ ಸದಸ್ಯರಾಗಿ ಮಂಡಿಸಿದವರು ಬಾಬಾಸಾಹೇಬರು. ಆ 48ರ ಲೆಕ್ಕವನ್ನೇ ಇಟ್ಟುಕೊಂಡರೆ ಮೂವರು ನರ್ಸುಗಳಿಂದ 144 ಗಂಟೆ. ಉಳಿದದ್ದು 24. ವಾರದಲ್ಲಿ ಒಂದು ಇಡೀ ದಿನಕ್ಕೆ, ಹಗಲು ರಾತ್ರಿ ಎರಡಕ್ಕೂ, ಕಾಗದದ ಮೇಲೇ ಯಾರೂ ಇಲ್ಲ. ಇದು ಯಾರಿಗೂ ಜ್ವರ ಬರದೆ, ಯಾರ ಮಗುವಿಗೂ ಹುಷಾರು ತಪ್ಪದೆ, ಯಾರೂ ಬಾಣಂತಿ ರಜೆ ಹಾಕದೆ, ಯಾರನ್ನೂ ಟ್ರೈನಿಂಗಿಗೆ ಕಳಿಸದೆ, ಮೂರು ಹುದ್ದೆಯೂ ತುಂಬಿ ತುಳುಕುತ್ತಿದ್ದಾಗಿನ ಮಾತು. 24×7 ಅಂತ ಬಾಗಿಲ ಮೇಲೆ ಬರೆದ ಬೋರ್ಡು ಬರೆದ ದಿನವೇ ಸುಳ್ಳು. ಅದು 24×6. ಇದನ್ನು ಕಂಡುಹಿಡಿಯಲು ಐ.ಎ.ಎಸ್. ಪಾಸಾಗಬೇಕಿಲ್ಲ, ನಾಲ್ಕನೇ ಕ್ಲಾಸಿನ ಗುಣಾಕಾರ ಸಾಕು.

ಹೆರಿಗೆ ಜಾಸ್ತಿ ಇರುವ 'ಬಿ' ಕೇಂದ್ರಕ್ಕೆ ನಾಲ್ವರು. ಅಲ್ಲಿ ರಜೆ ಕಳೆದು ಹೇಗೋ ಸರಿದೂಗೀತು. ಆದರೆ ರಾತ್ರಿಗೆ ಒಬ್ಬಳೇ. ಒಳಗೆ ಒಬ್ಬಳು ಮುಕ್ಕುತ್ತಿರುವಾಗ ಹೊರಗೆ ಹಾವು ಕಡಿದವನನ್ನು ಹೊತ್ತು ತಂದರೆ ಆಕೆ ಯಾರ ಕೈ ಹಿಡಿಯಬೇಕು?

2022ರಲ್ಲಿ ಮಾನದಂಡಗಳನ್ನು ಮತ್ತೆ ತಿದ್ದಿದರು. ಆಗ ಪಿ.ಎಚ್.ಸಿ.ಗಳನ್ನು ಇಪ್ಪತ್ತನಾಲ್ಕು ಗಂಟೆಯವು, ಹಾಗಲ್ಲದವು ಅಂತ ರಾಜಾರೋಷವಾಗಿ ಎರಡು ಭಾಗ ಮಾಡಿದರು. ಪ್ರಾಮಾಣಿಕತೆ ಸ್ವಲ್ಪ ಜಾಸ್ತಿಯಾಯಿತು ಅನ್ನಬಹುದು. ಇಲ್ಲದ ರಾತ್ರಿಗೆ ಈಗ ಒಂದು ಹೆಸರು ಸಿಕ್ಕಿತು.

ಆ ಕೋಷ್ಟಕದ ಕೊನೆಯ ಸಾಲಿಗೆ ಬರೋಣ. ಕೋಷ್ಟಕದ ಕೊನೆಯ ಸಾಲಿನಲ್ಲಿ ಯಾರಿರುತ್ತಾರೆ ಅಂತ ನಿಮಗೆ ಗೊತ್ತೇ ಇದೆ. 2012ರ ಪುಸ್ತಕದಲ್ಲಿ ಆ ಹುದ್ದೆಯ ಹೆಸರು ನೈರ್ಮಲ್ಯ ಕೆಲಸಗಾರ ಮತ್ತು ಕಾವಲುಗಾರ. ಎರಡಲ್ಲ, ಒಂದೇ ಹುದ್ದೆ. ಕಡ್ಡಾಯವಾಗಿ ಬೇಕಾದವನು ಒಬ್ಬನೇ. ಹಗಲು ಕಕ್ಕಸು ತೊಳೆ, ಹೆರಿಗೆ ಕೋಣೆಯ ರಕ್ತ ಒರಸು, ಕತ್ತಲಾದ ಮೇಲೆ ದೊಣ್ಣೆ ಹಿಡಿದು ಬಾಗಿಲಲ್ಲಿ ಕೂತುಕೋ. ಇವನಿಗೆ 168 ಗಂಟೆ. ಈ ಹುದ್ದೆ ದೆಹಲಿಯವರ ತಲೆಯಲ್ಲಿ ಹೊಸದಾಗಿ ಹುಟ್ಟಿದ್ದು ಅಂದುಕೊಂಡಿದ್ದೀರಾ? ನಮ್ಮ ಊರುಗಳಲ್ಲಿ ಇವನು ಎಷ್ಟೋ ತಲೆಮಾರಿನಿಂದ ಇದ್ದಾನೆ. ತೋಟಿ, ತಳವಾರ, ಕುಳವಾಡಿ ಅಂತ ಕರೆಯುತ್ತಿದ್ದರು. ಸತ್ತ ದನ ಎತ್ತುವವನೂ ಅವನೇ, ರಾತ್ರಿ ಊರು ಕಾಯುವವನೂ ಅವನೇ. ಊರು ಮಲಗಬೇಕಾದರೆ ಅವನು ಎದ್ದಿರಬೇಕು, ಆದರೆ ಊರೊಳಗೆ ಮಲಗಬಾರದು. ವಂಶಪಾರಂಪರ್ಯದ ಗ್ರಾಮ ಚಾಕರಿಗಳನ್ನು ಮೈಸೂರು ರಾಜ್ಯ 1961ರ ಕಾಯಿದೆಯಲ್ಲಿ ರದ್ದು ಮಾಡಿತು. ರದ್ದಾದದ್ದು ಪುಸ್ತಕದಲ್ಲಿ. ಅರ್ಧ ಶತಮಾನ ಕಳೆದ ಮೇಲೆ ಇನ್ನೊಂದು ಪುಸ್ತಕದಲ್ಲಿ ಅವನೇ ಖಾಕಿ ಅಂಗಿ ಹಾಕಿಕೊಂಡು ವಾಪಸು ಬಂದಿದ್ದಾನೆ, ಎರಡು ಕೆಲಸಕ್ಕೆ ಒಂದೇ ಸಂಬಳಕ್ಕೆ, ಅನೇಕ ಕಡೆ ಗುತ್ತಿಗೆಯವರ ಕೈಕೆಳಗೆ. ಡಾಕ್ಟರಿಲ್ಲದ ರಾತ್ರಿಯಲ್ಲಿ ಈತ ಬ್ಯಾಂಡೇಜು ಕಟ್ಟುತ್ತಾನೆ, ಡ್ರಿಪ್ಪಿನ ಬಾಟಲಿ ಹಿಡಿದು ನಿಲ್ಲುತ್ತಾನೆ. ಸಾವು ಸಂಭವಿಸಿದರೆ ಊರವರಿಂದ ಮೊದಲ ಏಟು ತಿನ್ನುವವನೂ ಇವನೇ.

ರಾತ್ರಿ ಎಲ್ಲರಿಗೂ ಒಂದೇ ಅಲ್ಲ ಅನ್ನುವುದನ್ನು ಹಾವಿನ ವಿಷಯದಲ್ಲಿ ನೋಡಬೇಕು. ಕಟ್ಟುಹಾವು ಅಂತ ಒಂದಿದೆ, ಕೆಲವು ಕಡೆ ಕಡಂಬಳ ಅನ್ನುತ್ತಾರೆ. ಅದು ಓಡಾಡುವುದು ರಾತ್ರಿ. ಕಚ್ಚುವುದು ಹೆಚ್ಚಾಗಿ ನೆಲದ ಮೇಲೆ ಮಲಗಿದವರನ್ನ. ಮಂಚ ಇದ್ದವನ ಹತ್ತಿರಕ್ಕೆ ಅದು ಸುಲಭಕ್ಕೆ ಹೋಗುವುದಿಲ್ಲ. ಹಾವಿಗೆ ಜಾತಿ ಗೊತ್ತಿಲ್ಲ, ನಿಜ. ಆದರೆ ಯಾರು ನೆಲದಲ್ಲಿ ಮಲಗಬೇಕು ಅಂತ ತೀರ್ಮಾನ ಮಾಡಿದವರಿಗೆ ಗೊತ್ತಿತ್ತು. ಕಚ್ಚಿದ್ದು ನೋಯುವುದೂ ಕಡಿಮೆ, ಗುರುತೂ ಸರಿಯಾಗಿ ಕಾಣುವುದಿಲ್ಲ. ಬೆಳಗಿನ ಜಾವ ಹೊಟ್ಟೆನೋವು ಅಂತ ಎದ್ದವನ ರೆಪ್ಪೆ ಜೋತು ಬೀಳುತ್ತದೆ, ಮಾತು ತೊದಲುತ್ತದೆ, ಆಮೇಲೆ ಉಸಿರು ನಿಲ್ಲುತ್ತದೆ. 2000ದಿಂದ 2019ರವರೆಗೆ ಈ ದೇಶದಲ್ಲಿ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷ ಅಂತ 2020ರಲ್ಲಿ ಪ್ರಕಟವಾದ ಅಧ್ಯಯನದ ಅಂದಾಜು. ವರ್ಷಕ್ಕೆ 58,000. ಬಹುಪಾಲು ಹಳ್ಳಿಯವರು, ಅದರಲ್ಲೂ ಮಳೆಗಾಲದಲ್ಲಿ. ಇದು ಯುದ್ಧದಲ್ಲಿ ಸತ್ತವರ ಲೆಕ್ಕವಾಗಿದ್ದರೆ ಊರೂರಿಗೆ ಸ್ಮಾರಕ ಕಟ್ಟುತ್ತಿದ್ದರು.

ಇದಕ್ಕೆ ಔಷಧಿ ಇಲ್ಲವೇ? ಇದೆ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ, ನಾಲ್ಕಕ್ಕೂ ಸೇರಿ ಒಂದೇ ಪ್ರತಿವಿಷ. ಅದಕ್ಕೆ ಬೇಕಾದ ವಿಷವನ್ನು ಹಿಂಡಿಕೊಡುವವರಲ್ಲಿ ಮುಖ್ಯರು ಚೆನ್ನೈ ಪಕ್ಕದ ಇರುಳರ ಸಹಕಾರ ಸಂಘದವರು, ಹಾವು ಹಿಡಿಯುವ ಬುಡಕಟ್ಟಿನ ಜನ. ಅಂದರೆ ಔಷಧಿಯ ಮೂಲದಲ್ಲೂ ನಮ್ಮಂಥವರೇ ಇದ್ದಾರೆ, ಔಷಧಿ ಸಿಗದೆ ಸಾಯುವಲ್ಲೂ ಇದ್ದಾರೆ. ನಡುವೆ ಇರುವುದು ಒಂದು ಫ್ರಿಜ್ಜು, ಒಂದು ಬೀಗ, ಒಂದು ಹೆದರಿಕೆ. ಹೆದರಿಕೆ ಏನು ಅಂದರೆ, ಮೊದಲ ಡೋಸೇ ಎಂಟು ಹತ್ತು ವಯಲ್ಲು. ಕೊಟ್ಟಾಗ ಕೆಲವರಿಗೆ ಮೈ ದದ್ದೆದ್ದು ಬಿ.ಪಿ. ಕುಸಿದು ಅದರಿಂದಲೇ ಜೀವ ಹೋಗಬಹುದು. ಆಗ ಕೂಡಲೆ ಅಡ್ರಿನಲಿನ್ ಚುಚ್ಚಬೇಕು. ಉಸಿರು ನಿಂತರೆ ಚೀಲ ಒತ್ತಿ ಗಾಳಿ ಕೊಡುತ್ತಾ ದೊಡ್ಡಾಸ್ಪತ್ರೆಗೆ ಸಾಗಿಸಬೇಕು. ಇದನ್ನು ಡಾಕ್ಟರ ಲಿಖಿತ ಆದೇಶ ಇಲ್ಲದೆ ಒಬ್ಬ ನರ್ಸಮ್ಮ ರಾತ್ರಿ ಎರಡು ಗಂಟೆಗೆ ಮಾಡಿ, ರೋಗಿ ಉಳಿಯದಿದ್ದರೆ? ಕೆಲಸ ಹೋಗುವುದು ಆಕೆಯದು. ಅದಕ್ಕೇ ಆಕೆಯ ಬಾಯಲ್ಲಿ ಮೊದಲು ಬರುವ ಮಾತು: "ಡಾಕ್ಟ್ರಿಲ್ಲಪ್ಪ, ತಾಲ್ಲೂಕಾಸ್ಪತ್ರೆಗೆ ಹೋಗಿಬಿಡಿ, ತಡ ಮಾಡಬೇಡಿ." ಇದನ್ನು ಕೇಳಿ ನಾವು ಆಕೆಯನ್ನ ಬೈಯುತ್ತೇವೆ. ಬೈಯಬೇಕಾದ್ದು ಯಾರನ್ನ? ಎದುರಿಗೆ ಸಿಕ್ಕವಳು ಆಕೆ, ಅಷ್ಟೇ. ಆಕೆಯನ್ನ ಅಲ್ಲಿ ಕೂರಿಸಿ ಕೈ ಕಟ್ಟಿದವರು ಎದುರಿಗೆ ಸಿಗುವುದಿಲ್ಲ.

ಕರ್ನಾಟಕ ಸರ್ಕಾರ 2024ರಲ್ಲಿ ಹಾವು ಕಡಿತವನ್ನು ವರದಿ ಮಾಡಲೇಬೇಕಾದ ಪ್ರಕರಣ ಅಂತ ಘೋಷಿಸಿತು. ಒಳ್ಳೆಯ ಕೆಲಸ. ಇನ್ನು ಮೇಲೆ ಹೆಣಗಳ ಲೆಕ್ಕವಾದರೂ ಸರಿಯಾಗಿ ಸಿಗುತ್ತದೆ.

ಇಲ್ಲಿ ಒಂದು ವಿಷಯ ಗಮನಿಸಬೇಕು. ನರ್ಸಿಗೆ ಸೂಜಿ ಕೊಡಬಾರದು ಅನ್ನುವುದು ಬ್ರಹ್ಮಲಿಪಿ ಏನಲ್ಲ. ಹೆರಿಗೆಯ ವಿಷಯದಲ್ಲಿ ಸರ್ಕಾರವೇ ಕೊಟ್ಟಿದೆ. ನಂಜು ಏರಿದ ಬಸುರಿಗೆ ಮೆಗ್ನೀಸಿಯಂ ಸಲ್ಫೇಟಿನ ಮೊದಲ ಡೋಸು, ರಕ್ತಸ್ರಾವಕ್ಕೆ ಆಕ್ಸಿಟೋಸಿನ್, ಇವನ್ನು ಡಾಕ್ಟರಿಗೆ ಕಾಯದೆ ಎ.ಎನ್.ಎಂ.ಗಳೂ ಕೊಡಬಹುದು ಅಂತ ಮಾರ್ಗಸೂಚಿ ಮಾಡಿತು. ಯಾಕೆ ಮಾಡಿತು? ತಾಯಿ ಮರಣದ ಅಂಕಿ ದೆಹಲಿಗೆ ಹೋಗುತ್ತದೆ, ಜಿನೀವಾಕ್ಕೆ ಹೋಗುತ್ತದೆ, ಅಲ್ಲಿ ಮಾನ ಹೋಗುತ್ತದೆ. ಬೇಕು ಅಂದಾಗ ಕೈ ಬಿಚ್ಚಿದರು. ಬೇಡವಾದಾಗ ಕಟ್ಟಿದರು.

2019ರ ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾಯಿದೆಯ 32ನೇ ಕಲಮು ಸೀಮಿತ ಪರವಾನಗಿಯ ಸಮುದಾಯ ಆರೋಗ್ಯ ಸೇವಕರು ಅಂತ ಒಂದು ವರ್ಗವನ್ನು ತರಲು ಹೊರಟಿತು. ಭಾರತೀಯ ವೈದ್ಯಕೀಯ ಸಂಘದವರು ಕೆಂಡವಾದರು, ದೇಶದಾದ್ಯಂತ ಮುಷ್ಕರ ಮಾಡಿದರು. ನಕಲಿ ಡಾಕ್ಟರಿಗೆ ಲೈಸೆನ್ಸು ಕೊಟ್ಟಂತೆ ಅಂದರು. ಬಡವನಿಗೆ ಅರ್ಧ ಡಾಕ್ಟರು ಸಾಕು ಅನ್ನುವ ಬುದ್ಧಿ ಸರ್ಕಾರಕ್ಕೆ ಇದೆ, ಅದನ್ನು ನಾವೂ ಒಪ್ಪುವುದಿಲ್ಲ. ಆದರೆ ಮುಷ್ಕರ ಮಾಡಿದವರನ್ನು ಒಂದು ಮಾತು ಕೇಳಬೇಕು. ರಾತ್ರಿ ಹತ್ತರ ಮೇಲೆ ಹಳ್ಳಿಯಲ್ಲಿ ಆ ಸೂಜಿ ಹಿಡಿಯಲು ನೀವು ಬರುತ್ತೀರಾ? ಬರುವುದಿಲ್ಲ. ಬೇರೆಯವರು ಹಿಡಿಯಲು ಬಿಡುತ್ತೀರಾ? ಅದೂ ಇಲ್ಲ. ತಾನೂ ಉಣ್ಣ, ಪರರಿಗೂ ಇಕ್ಕ. ಮಂತ್ರ ಹೇಳುವ ಹಕ್ಕು ನಮ್ಮದು ಮಾತ್ರ, ನಿಮ್ಮ ಕೇರಿಗೆ ಬಂದು ಹೇಳುವುದೂ ಇಲ್ಲ ಅಂತ ಹೇಳಿದ ಇನ್ನೊಂದು ವರ್ಗವನ್ನು ನಾವು ಕಂಡಿದ್ದೇವೆ. ಇವರು ಅವರ ತಮ್ಮಂದಿರು. ನಡುವೆ ಲಾಭ ಯಾರಿಗೆ ಅಂದರೆ ಆರ್.ಎಂ.ಪಿ. ಅಂತ ಬೋರ್ಡು ಹಾಕಿಕೊಂಡವನಿಗೆ. ಅವನು ಊರಲ್ಲೇ ಇರುತ್ತಾನೆ, ಕದ ತಟ್ಟಿದರೆ ತೆಗೆಯುತ್ತಾನೆ, ಸಾಲಕ್ಕೂ ಇಂಜೆಕ್ಷನ್ ಚುಚ್ಚುತ್ತಾನೆ. ಅವನ ಚುಚ್ಚುಮದ್ದು ಮೋಸವಾದರೂ ಅವನ ತೆರೆದ ಬಾಗಿಲು ಮೋಸವಲ್ಲ. ಜನ ಯಾಕೆ ಅವನಲ್ಲಿಗೆ ಹೋಗುತ್ತಾರೆ, ಮೂಢರು ಅಂತ ಆಡಿಕೊಳ್ಳುವವರು ಮೊದಲು ಇದನ್ನು ತಿಳಿಯಲಿ.

ಹೊರದೇಶದ ಮಾತು ಎತ್ತಿದರೆ ಕೆಲವರಿಗೆ ಸಮಾಧಾನ. ಅದಕ್ಕೇ ಇಂಗ್ಲೆಂಡನ್ನೂ ನೋಡೋಣ. ವೇಲ್ಸಿನ ಗಣಿ ಕಾರ್ಮಿಕರ ಹಳ್ಳಿಯೊಂದರಲ್ಲಿ ಡಾಕ್ಟರಾಗಿದ್ದ ಜೂಲಿಯನ್ ಟ್ಯೂಡರ್ ಹಾರ್ಟ್ ಎಂಬಾತ 1971ರಲ್ಲಿ ಒಂದು ಸೂತ್ರ ಹೇಳಿದ: ಎಲ್ಲಿ ರೋಗ ಜಾಸ್ತಿಯೋ ಅಲ್ಲಿ ಒಳ್ಳೆಯ ವೈದ್ಯ ಕಡಿಮೆ, ಮಾರುಕಟ್ಟೆಯ ಕೈ ಹೆಚ್ಚಾದಷ್ಟೂ ಇದೂ ಹೆಚ್ಚು. ಬಿಳಿ ಡಾಕ್ಟರುಗಳು ಬೇಡವೆಂದ ಅಂಥ ಗಣಿ ಊರುಗಳಿಗೆ ಹೋಗಿ ನಿಂತವರಲ್ಲಿ ಎಷ್ಟೋ ಜನ ಇಂಡಿಯಾದಿಂದ ಹೋದ ಡಾಕ್ಟರುಗಳು. ನಮ್ಮ ಹಳ್ಳಿಗೆ ಬರದವರು ಅವರ ಹಳ್ಳಿಗೆ ಹೋದರು ಅಂತ ಬೇಕಾದರೆ ಹೇಳಿ. 2004ರಲ್ಲಿ ಅಲ್ಲಿ ಹೊಸ ಕರಾರು ಬಂತು. ಸಂಜೆ ಆರೂವರೆಯಿಂದ ಬೆಳಿಗ್ಗೆ ಎಂಟರವರೆಗೆ, ಶನಿವಾರ ಭಾನುವಾರ ಹಬ್ಬದ ದಿನ, ರೋಗಿಗಳ ಜವಾಬ್ದಾರಿ ಬೇಡ ಅಂದರೆ ಡಾಕ್ಟರು ವರ್ಷಕ್ಕೆ ಸುಮಾರು 6,000 ಪೌಂಡು ಬಿಟ್ಟುಕೊಟ್ಟು ಕೈ ತೊಳೆದುಕೊಳ್ಳಬಹುದು. ಹತ್ತರಲ್ಲಿ ಒಂಬತ್ತು ಮಂದಿ ತೊಳೆದುಕೊಂಡರು. ರಾತ್ರಿಯ ಬೆಲೆ ಅಷ್ಟೇ ಅಂತ ಗೊತ್ತಾಯಿತು. ಆ ರಾತ್ರಿಗಳು ಎಷ್ಟೋ ಕಡೆ ಕಂಪನಿಗಳಿಗೆ ಗುತ್ತಿಗೆಗೆ ಹೋದವು. 2008ರಲ್ಲಿ ಜರ್ಮನಿಯಿಂದ ಬಂದು ಮೊದಲ ಪಾಳಿ ಮಾಡುತ್ತಿದ್ದ ಡಾಕ್ಟರೊಬ್ಬ ನೋವಿನ ಮದ್ದನ್ನು ಹತ್ತರಷ್ಟು ಚುಚ್ಚಿ ರೋಗಿ ಸತ್ತುಹೋದ. ಹಾಲೆಂಡಿನಲ್ಲಿ ಬೇರೆ ದಾರಿ ಹಿಡಿದರು. ಡಾಕ್ಟರುಗಳು ಸಹಕಾರಿ ಸಂಘ ಕಟ್ಟಿಕೊಂಡು ಪಾಳಿ ಹಂಚಿಕೊಂಡರು. ವರ್ಷಗಟ್ಟಲೆ ಹೆಚ್ಚಿನ ಓದು ಓದಿದ, ಔಷಧಿ ಬರೆಯುವ ಕಾನೂನು ಹಕ್ಕಿರುವ ನರ್ಸುಗಳು ಪಕ್ಕದಲ್ಲಿ ಕೂತು ರೋಗಿಗಳನ್ನು ನೋಡುತ್ತಾರೆ. ಅಲ್ಲಿ ನರ್ಸು ಡಾಕ್ಟರ ಜೊತೆಗೆ ಇದ್ದಾಳೆ, ಬದಲಿಗೆ ಅಲ್ಲ. ಆಕೆಗೆ ಕಲಿಕೆ ಇದೆ, ಹಕ್ಕು ಇದೆ, ಹಿಂದೆ ಡಾಕ್ಟರು ಇದ್ದಾನೆ. ನಮ್ಮವಳಿಗೆ ಏನಿದೆ? ಒಂದು ಟಾರ್ಚು.

ನಮ್ಮ ದೇಶಕ್ಕೂ ಕನಸು ಕಾಣಲು ಬರುತ್ತಿರಲಿಲ್ಲ ಅಂತಲ್ಲ. ಅದೇ 1946ರಲ್ಲಿ ಭೋರ್ ಸಮಿತಿ ವರದಿ ಕೊಟ್ಟಿತು. ತಕ್ಷಣಕ್ಕೆ 40,000 ಜನಕ್ಕೆ ಒಂದು ಕೇಂದ್ರ, ಅದರಲ್ಲಿ ಇಬ್ಬರು ಡಾಕ್ಟರು, ಒಬ್ಬ ನರ್ಸು, ನಾಲ್ವರು ಸಾರ್ವಜನಿಕ ಆರೋಗ್ಯ ನರ್ಸುಗಳು, ನಾಲ್ವರು ಮಿಡ್‌ವೈಫರು. ಮುಂದೆ ಹತ್ತಿಪ್ಪತ್ತು ಸಾವಿರ ಜನಕ್ಕೆ 75 ಹಾಸಿಗೆಯ ಆಸ್ಪತ್ರೆ, ಆರು ಡಾಕ್ಟರು. ಆರು ಡಾಕ್ಟರಿದ್ದರೆ ರಾತ್ರಿಗೆ ಒಬ್ಬರು ಕೂರುತ್ತಾರೆ, ಇದಕ್ಕೆ ಯಾರ ತ್ಯಾಗವೂ ಬೇಕಿಲ್ಲ. ಆ ವರದಿಯನ್ನು ಎಲ್ಲರೂ ಹೊಗಳಿದರು, ಯಾರೂ ಜಾರಿ ಮಾಡಲಿಲ್ಲ. 2012ರಲ್ಲಿ 30,000 ಜನಕ್ಕೆ ಒಬ್ಬ ಡಾಕ್ಟರು ಕಡ್ಡಾಯ ಅನ್ನುವ ಹೊತ್ತಿಗೆ ನಾವು ಭೋರ್ ಸಾಹೇಬನ ಮೊದಲ ಮೆಟ್ಟಿಲಿಗಿಂತಲೂ ಕೆಳಗಿದ್ದೆವು.

ಆ ಒಬ್ಬ ಡಾಕ್ಟರನ್ನು ಖಳನಾಯಕ ಮಾಡುವುದು ಸುಲಭ, ಅದನ್ನು ಮಾಡಲಾರೆ. ಹಗಲು ರೋಗಿಗಳು, ತಾಲ್ಲೂಕಿನ ಮೀಟಿಂಗು, ಲಸಿಕೆ, ಕ್ಷಯ, ಕುಟುಂಬ ಯೋಜನೆ, ಮರಣೋತ್ತರ ಪರೀಕ್ಷೆ, ಕೋರ್ಟಿನ ಸಾಕ್ಷಿ, ಇಷ್ಟೆಲ್ಲ ಆದ ಮೇಲೆ ರಾತ್ರಿ ಎರಡಕ್ಕೆ ಫೋನು. ಸೋರುವ ಕ್ವಾರ್ಟರ್ಸು. 168 ಗಂಟೆ ಯಾರೂ ಎದ್ದಿರಲಾರರು. ಈಗೀಗ ನಮ್ಮ ಕೇರಿಯ ಮಕ್ಕಳೂ ಮೀಸಲಾತಿಯಲ್ಲಿ ಓದಿ ಡಾಕ್ಟರಾಗಿ ಇಂಥ ಕಡೆ ಬಂದು ಕೂತಿದ್ದಾರೆ. ನರ್ಸುಗಳಲ್ಲಿ, ಎ.ಎನ್.ಎಂ.ಗಳಲ್ಲಿ ಇನ್ನೂ ಹೆಚ್ಚು. ಅವರಿಗೆ ಊರಲ್ಲಿ ಬಾಡಿಗೆ ಮನೆ ಕೇಳಿದಾಗ ಮೊದಲು "ನಿಮ್ಮವರು ಯಾರಮ್ಮ?" ಅಂತಾರೆ. ಹೇಳಿದ ಮೇಲೆ ಮನೆ ಖಾಲಿ ಇರುವುದಿಲ್ಲ. ಕೇಂದ್ರ ಸ್ಥಾನದಲ್ಲೇ ವಾಸ ಮಾಡತಕ್ಕದ್ದು ಅಂತ ಮೇಲಿನಿಂದ ಸುತ್ತೋಲೆ ಬರುತ್ತದೆ. ಯಾವ ಮನೆಯಲ್ಲಿ? ಸುತ್ತೋಲೆ ಬರೆದವನಿಗೆ ಗೊತ್ತಿಲ್ಲ. ಸೂಲಗಿತ್ತಿಯ ಕೈ ಬೇಕು, ಆ ಕೈಯ ಮನುಷ್ಯಳು ನಮ್ಮ ಬೀದಿಯಲ್ಲಿ ಬೇಡ. ಹಳೆಯ ಹಾಡೇ ಇದು.

ಸೂಲಗಿತ್ತಿಯ ಮಾತು ಬಂದದ್ದಕ್ಕೆ ಹೇಳುತ್ತೇನೆ. ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮನಿಗೆ 2018ರಲ್ಲಿ ಪದ್ಮಶ್ರೀ ಕೊಟ್ಟರು. ಸಾವಿರಾರು ಹೆರಿಗೆ, ಕಾಸು ಮುಟ್ಟಿಸಿಕೊಳ್ಳದೆ. ಆ ತಾಯಿಗೆ ನಮ್ಮ ಶರಣು. ಆದರೆ ಕೊಟ್ಟ ಸರ್ಕಾರದ ಮನಸ್ಸನ್ನು ಓದಬೇಕು. ಯಾವ ಹೊತ್ತಿನಲ್ಲಿ ಕರೆದರೂ ಬಂದಳು, ಸಂಬಳ ಕೇಳಲಿಲ್ಲ ಅನ್ನುವುದೇ ಅವರಿಗೆ ಹಿಡಿಸಿದ ಗುಣ. ಸಂಬಳ ಕೇಳಿದವರಿಗೆ ಏನಾಯಿತು? 2023ರ ಫೆಬ್ರುವರಿಯಲ್ಲಿ ರಾಜ್ಯದ ಆರೋಗ್ಯ ಮಿಷನ್ನಿನ ಗುತ್ತಿಗೆ ನೌಕರರು, ಅದರಲ್ಲಿ ನರ್ಸುಗಳೂ ಸೇರಿ, ಕಾಯಂ ಮಾಡಿ ಅಂತ ಬೀದಿಗಿಳಿದರು. ಅವರಿಗೆ ಪದ್ಮಶ್ರೀ ಸಿಗಲಿಲ್ಲ. ರಾತ್ರಿ ಬಸುರಿಯ ಜೊತೆ ಆಂಬುಲೆನ್ಸು ಹತ್ತುವ ಆಶಾ ಕಾರ್ಯಕರ್ತೆಗೆ ಸಂಬಳವೇ ಇಲ್ಲ, ಅದಕ್ಕೆ ಗೌರವಧನ, ಪ್ರೋತ್ಸಾಹಧನ ಅಂತ ಹೆಸರು. ಧನ ಕಡಿಮೆಯಾದಷ್ಟೂ ಗೌರವದ ಹೆಸರು ದೊಡ್ಡದಾಗುತ್ತದೆ.

ಇನ್ನು ಆ ಒಂಟಿ ಹೆಣ್ಣಿನ ಭಯ. 2024ರ ಆಗಸ್ಟಿನಲ್ಲಿ ಕಲ್ಕತ್ತೆಯ ದೊಡ್ಡ ಆಸ್ಪತ್ರೆಯಲ್ಲಿ ರಾತ್ರಿ ಪಾಳಿಯ ಕಿರಿಯ ವೈದ್ಯೆಯನ್ನು ಅತ್ಯಾಚಾರ ಮಾಡಿ ಕೊಂದರು. ದೇಶ ಎದ್ದು ನಿಂತಿತು, ನಿಲ್ಲಬೇಕಾದ್ದೇ. ಸುಪ್ರೀಂ ಕೋರ್ಟು ಕಾರ್ಯಪಡೆ ರಚಿಸಿತು. 1973ರಲ್ಲಿ ಬೊಂಬಾಯಿಯ ಆಸ್ಪತ್ರೆಯಲ್ಲಿ ನಮ್ಮ ಹೊನ್ನಾವರ ಕಡೆಯ ಹಳದೀಪುರದ ನರ್ಸ್ ಅರುಣಾ ಶಾನಭಾಗ ಅಂಥದೇ ದಾಳಿಗೆ ಸಿಕ್ಕಿ 2015ರವರೆಗೆ, ನಲವತ್ತೊಂದು ವರ್ಷ, ಹಾಸಿಗೆಯಲ್ಲಿ ಕೊರಡಾಗಿ ಬಿದ್ದಿದ್ದರು. ಇವೆರಡೂ ನೂರಾರು ಜನ ಇರುವ ಮಹಾನಗರದ ಆಸ್ಪತ್ರೆಗಳು. ಊರಾಚೆಯ ಗೋಮಾಳದಲ್ಲಿ ಕಟ್ಟಿದ, ಕಾಂಪೌಂಡು ಅರ್ಧಕ್ಕೆ ನಿಂತ, ಕರೆಂಟು ಹೋದರೆ ಬಾರದ ಪಿ.ಎಚ್.ಸಿ.ಯಲ್ಲಿ ಒಬ್ಬಳೇ ಕೂತವಳು ಒಳಗಿನಿಂದ ಚಿಲಕ ಹಾಕಿಕೊಂಡರೆ ಆಕೆಯನ್ನು ಕರ್ತವ್ಯಲೋಪಿ ಅನ್ನುತ್ತೇವೋ? ಹೊರಗೆ ಕುಡಿದ ನಾಲ್ಕು ಜನ ಗಾಯಾಳುವನ್ನು ಹೊತ್ತು ತಂದು ಕದ ಒದೆಯುತ್ತಿದ್ದಾರೆ. ಅವರ ಗಾಯವೂ ನಿಜ, ಆಕೆಯ ಭಯವೂ ನಿಜ. ಎರಡು ನಿಜಗಳನ್ನು ಎದುರು ಬದುರು ನಿಲ್ಲಿಸಿ ವ್ಯವಸ್ಥೆ ತಾಲ್ಲೂಕಿನಲ್ಲಿ ನಿದ್ದೆ ಮಾಡುತ್ತಿದೆ.

108 ಇದೆಯಲ್ಲ ಅನ್ನುತ್ತಾರೆ. 2008ರ ನವೆಂಬರ್ ಒಂದರಂದು ನಮ್ಮ ರಾಜ್ಯದಲ್ಲಿ ಶುರುವಾಯಿತು, ಬಹಳ ಜೀವ ಉಳಿಸಿದೆ, ಇಲ್ಲ ಅನ್ನುವುದಿಲ್ಲ. ಆದರೆ ಆಂಬುಲೆನ್ಸು ಬಂದ ಮೇಲೆ ಪಿ.ಎಚ್.ಸಿ.ಗೆ ಒಂದು ಹೊಸ ನೆಪ ಸಿಕ್ಕಿತು. ಮೊದಲು ಆಸ್ಪತ್ರೆಯಾಗಿದ್ದದ್ದು ರಾತ್ರಿಯ ಹೊತ್ತು ಬಸ್ ಸ್ಟಾಪಾಯಿತು. ಹತ್ತಿಸಿ ಕಳಿಸುವುದೇ ಚಿಕಿತ್ಸೆ. 2012ರಲ್ಲಿ ಓದು ಮುಗಿಸಿದ ಡಾಕ್ಟರುಗಳಿಗೆ ಒಂದು ವರ್ಷದ ಕಡ್ಡಾಯ ಸೇವೆ ಅಂತ ರಾಜ್ಯ ಕಾಯಿದೆ ಮಾಡಿತು, ವಿದ್ಯಾರ್ಥಿಗಳು ಕೋರ್ಟಿಗೆ ಹೋದರು. ಒಂದು ವರ್ಷದ ಅತಿಥಿಗಳಿಂದ ರಾತ್ರಿ ತುಂಬುವುದಿಲ್ಲ, ಆದರೂ ಅಷ್ಟಕ್ಕೂ ಅವರಿಗೆ ಮುಳ್ಳು ಚುಚ್ಚಿದಂತಾಯಿತು ಅನ್ನುವುದು ನೆನಪಿರಲಿ.

ಹಾಗಾದರೆ ನಾವು ಕೇಳಬೇಕಾದ್ದು ಏನು? 'ಬರಬಹುದು' ಅನ್ನುವುದನ್ನು 'ಇರತಕ್ಕದ್ದು' ಅಂತ ತಿದ್ದಬೇಕು, ತಿದ್ದಿದ ಮೇಲೆ ಅದಕ್ಕೆ ಬೇಕಾದಷ್ಟು ಡಾಕ್ಟರ ಹುದ್ದೆಗಳನ್ನು ಕೊಡಬೇಕು. ಪ್ರತಿ ಹಳ್ಳಿಗೂ ಆಗದಿದ್ದರೆ ನಾಲ್ಕೈದು ಪಿ.ಎಚ್.ಸಿ.ಗಳ ಡಾಕ್ಟರುಗಳು ಪಾಳಿ ಹಾಕಿಕೊಂಡು ಹೋಬಳಿಗೊಂದು ಕಡೆಯಾದರೂ ರಾತ್ರಿ ಖಾಯಂ ಕೂರಲಿ. ನರ್ಸುಗಳು ಐವರಾಗಲಿ, ರಾತ್ರಿಗೆ ಇಬ್ಬರು. ಪ್ರತಿವಿಷ ಕೊಡಲು, ಅಡ್ರಿನಲಿನ್ ಚುಚ್ಚಲು ಅವರಿಗೆ ತರಬೇತಿಯ ಜೊತೆಗೆ ಕಾಗದದ ಮೇಲಿನ ಹಕ್ಕು ಕೊಡಲಿ. ಕಸಗುಡಿಸುವವನೇ ಕಾವಲುಗಾರ ಅನ್ನುವ ಹುದ್ದೆಯ ಹೆಸರನ್ನು ಅಳಿಸಿ ಎರಡು ಹುದ್ದೆ ಮಾಡಲಿ, ಎರಡಕ್ಕೂ ಸಂಬಳ ಕೊಡಲಿ.

ಇದನ್ನು ಕೇಳುವ ಮುಂಚೆ ಓದಬೇಕಾದ ಇನ್ನೊಂದು ಪುಸ್ತಕ ಇದೆ. ಅದು ಅಚ್ಚಾಗಿಲ್ಲ. ಪ್ರತಿ ಪಿ.ಎಚ್.ಸಿ.ಯಲ್ಲೂ ಬೇರೆಡೆಗೆ ಕಳಿಸಿದ ರೋಗಿಗಳನ್ನು ಬರೆಯುವ ರೆಫರಲ್ ರಿಜಿಸ್ಟರು. ಮಾಹಿತಿ ಹಕ್ಕಿನ ಅರ್ಜಿಗೆ ಹತ್ತು ರೂಪಾಯಿ, ಉತ್ತರ ಕೊಡಲು ಅವರಿಗೆ ಮೂವತ್ತು ದಿನ. ರೋಗಿಗಳ ಹೆಸರು ಬೇಡ, ಅದನ್ನು ಮುಚ್ಚಿಯೇ ಕೊಡಲಿ. ಒಂದು ವರ್ಷದಲ್ಲಿ ಸಂಜೆ ಆರರಿಂದ ಬೆಳಿಗ್ಗೆ ಎಂಟರವರೆಗೆ ಎಷ್ಟು ಜನರನ್ನು ಮುಂದಕ್ಕೆ ಕಳಿಸಿದರು, ಆ ಹೊತ್ತು ಡ್ಯೂಟಿಯಲ್ಲಿ ಯಾವ ಯಾವ ಹುದ್ದೆಯವರಿದ್ದರು, ಡಾಕ್ಟರಿಗೆ ಕರೆ ಹೋಯಿತೇ, ಬಂದರೇ, ಪ್ರತಿವಿಷ ಎಷ್ಟು ಇತ್ತು, ಎಷ್ಟು ಬಳಸಿದರು, ಎಷ್ಟು ಅವಧಿ ಮೀರಿ ಬಿಸಾಕಿದರು. ಅರ್ಜಿಯನ್ನು ತಾಲ್ಲೂಕು ಆರೋಗ್ಯಾಧಿಕಾರಿಯ ಕಚೇರಿಯಲ್ಲಿ ಕೊಟ್ಟು ಸ್ವೀಕೃತಿ ಪಡೆಯಿರಿ. 'ಕಾರಣ' ಅನ್ನುವ ಕಾಲಮ್ಮನ್ನು ಮಾತ್ರ ಬಿಡದೆ ಕೇಳಿ.